ಉಪ್ಪಿನ ಹಸಿವು, ನಾಲಗೆಯ ನೆನಪು

ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳೆರಡನ್ನೂ ತೆಗೆದುಹಾಕಿದರೆ ಇಲಿ ಹೆಚ್ಚು ದಿನ ಬದುಕುವುದಿಲ್ಲ. ದೇಹದ ಸೋಡಿಯಂ ಮೂತ್ರದ ಜೊತೆ ಸೋರಿಹೋಗುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಹಾರ್ಮೋನು ಇರುವುದಿಲ್ಲ. ರಕ್ತದ ಪ್ರಮಾಣ ಇಳಿಯುತ್ತದೆ. ಇಲಿ ತಿನ್ನುವುದನ್ನು ಬಿಡುತ್ತದೆ, ಸೊರಗುತ್ತದೆ, ಸಾಯುತ್ತದೆ. 1930ರ ದಶಕದ ಶರೀರವಿಜ್ಞಾನಿಗಳಿಗೆ ಇದು ಗೊತ್ತಿದ್ದ ಸಂಗತಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಫಿಪ್ಸ್ ಮನೋವೈದ್ಯಕೀಯ ಕ್ಲಿನಿಕ್ಕಿನಲ್ಲಿದ್ದ ಕರ್ಟ್ ರಿಕ್ಟರ್ ಅದರ ಮುಂದಿನ ಪ್ರಶ್ನೆ ಕೇಳಿದರು: ಅಂಥ ಇಲಿಯ ಪಂಜರಕ್ಕೆ ಬರೀ ನೀರಿನ ಜೊತೆ ಉಪ್ಪುನೀರಿನ ಬಾಟಲಿಯನ್ನೂ ಕಟ್ಟಿದರೆ ಅದು ಏನು ಮಾಡೀತು?

ಇಲಿಗಳು ಉಪ್ಪುನೀರು ಕುಡಿದವು. ಶಸ್ತ್ರಚಿಕಿತ್ಸೆಗೆ ಮೊದಲು ಸ್ವಲ್ಪವೇ ಮುಟ್ಟುತ್ತಿದ್ದ ಬಾಟಲಿಗೆ ಈಗ ಮತ್ತೆ ಮತ್ತೆ ಬಂದವು. ಹಾಗೆ ಕುಡಿದವು ಬದುಕಿದವು, ತೂಕವನ್ನೂ ಹೆಚ್ಚಿಸಿಕೊಂಡವು. ಬರೀ ನೀರು ಸಿಕ್ಕಿದವು ಸತ್ತವು. ರಿಕ್ಟರ್ ಈ ಫಲಿತಾಂಶವನ್ನು 1936ರಲ್ಲಿ ಪ್ರಕಟಿಸಿದರು. ಉಪ್ಪಿನ ಹಸಿವನ್ನು ಕುರಿತು ಆಮೇಲೆ ನಡೆದ ಎಲ್ಲ ಚರ್ಚೆಗೂ ಆ ಲೇಖನವೇ ಮೊದಲ ಮೆಟ್ಟಿಲು.

ಕಾಲವೂ ಇದಕ್ಕೆ ಹದವಾಗಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಆಡಿಸನ್ 1855ರಲ್ಲೇ ಅಡ್ರಿನಲ್ ಗ್ರಂಥಿಗಳು ಕೆಟ್ಟ ರೋಗಿಗಳ ಸ್ಥಿತಿಯನ್ನು ವಿವರಿಸಿದ್ದರು. ಆದರೆ ಅವರಿಗೆ ಉಪ್ಪು ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ ಎಂಬುದು ವೈದ್ಯರಿಗೆ ಸ್ಪಷ್ಟವಾಗತೊಡಗಿದ್ದು 1930ರ ದಶಕದ ಮೊದಲ ವರ್ಷಗಳಲ್ಲಿ, ನ್ಯೂಯಾರ್ಕಿನ ರಾಬರ್ಟ್ ಲೋಬ್ ಮತ್ತಿತರರ ಕೆಲಸದಿಂದ. ಆ ಗ್ರಂಥಿಯಿಂದ ಬರುವ ಆಲ್ಡೊಸ್ಟೆರೋನ್ ಎಂಬ ಹಾರ್ಮೋನು ಕೈಗೆ ಸಿಗಲು 1953ರವರೆಗೆ ಕಾಯಬೇಕಾಯಿತು. ವೈದ್ಯಶಾಸ್ತ್ರ ಸುಮಾರು ಎಂಬತ್ತು ವರ್ಷ ತೆಗೆದುಕೊಂಡು ಕಂಡುಕೊಂಡ ಚಿಕಿತ್ಸೆಯನ್ನು ಒಂದು ಬಿಳಿ ಇಲಿ ತಾನಾಗಿಯೇ ಮಾಡಿಕೊಳ್ಳುತ್ತಿತ್ತು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1932ರಲ್ಲಿ ದೇಹದ ವಿವೇಕವನ್ನೇ ಹೆಸರಾಗಿಟ್ಟುಕೊಂಡ ಪುಸ್ತಕವೊಂದನ್ನು ಹೊರತಂದಿದ್ದರು. ರಕ್ತದ ಉಪ್ಪು, ಸಕ್ಕರೆ, ಉಷ್ಣತೆ ಎಲ್ಲವನ್ನೂ ದೇಹ ಒಳಗಿಂದೊಳಗೇ ಸಮತೋಲದಲ್ಲಿ ಇಟ್ಟುಕೊಳ್ಳುತ್ತದೆ ಎನ್ನುವುದು ಅದರ ತಿರುಳು. ರಿಕ್ಟರ್ ಒಂದು ಹೆಜ್ಜೆ ಮುಂದೆ ಹೋದರು. ಒಳಗಿನ ವ್ಯವಸ್ಥೆ ಸೋತಾಗ ಪ್ರಾಣಿಯ ನಡವಳಿಕೆಯೇ ಆ ಕೆಲಸವನ್ನು ಹೊರುತ್ತದೆ ಎಂದರು. ಮೂತ್ರಪಿಂಡ ಉಪ್ಪನ್ನು ಉಳಿಸಲಾರದೆ ಹೋದರೆ ನಾಲಗೆ ಉಪ್ಪನ್ನು ಹುಡುಕಿ ತರುತ್ತದೆ.

ರಿಕ್ಟರ್ 1919ರಲ್ಲಿ ಹಾಪ್ಕಿನ್ಸ್‌ಗೆ ಬಂದದ್ದು ವರ್ತನವಾದದ ಪ್ರವರ್ತಕ ಜಾನ್ ವಾಟ್ಸನ್ ಬಳಿ ಕಲಿಯಲು. ವಾಟ್ಸನ್ ಮರುವರ್ಷವೇ ವಿಶ್ವವಿದ್ಯಾಲಯ ಬಿಟ್ಟರು. ಪ್ರಾಣಿ ಮಾಡುವುದೆಲ್ಲ ಕಲಿತದ್ದೇ ಎನ್ನುವ ಪಂಥದ ಗುರುವಿನ ಪ್ರಯೋಗಾಲಯದಲ್ಲಿ ಕೂತು, ಶಿಷ್ಯ ಹುಟ್ಟಿನಿಂದ ಬಂದದ್ದನ್ನು ಅಳೆಯುತ್ತಾ ಬದುಕಿಡೀ ಕಳೆದರು. ಇಲಿ ದಿನಕ್ಕೆ ಎಷ್ಟು ಕುಡಿಯಿತು, ಎಷ್ಟು ಓಡಿತು, ಯಾವ ಬಾಟಲಿಗೆ ಎಷ್ಟು ಸಲ ಬಂತು ಎಂಬುದನ್ನು ತಿಂಗಳುಗಟ್ಟಲೆ ಬರೆದಿಡುವುದೇ ಅವರ ವಿಧಾನ. ಸಿದ್ಧಾಂತಕ್ಕಿಂತ ಮೊದಲು ಅಳತೆ ಬೇಕು ಎನ್ನುವ ಈ ಹಠದಿಂದಲೇ ಅವರ ಅಂಕಿಗಳು ಇಂದಿಗೂ ನಿಂತಿವೆ, ಅವರ ಕೆಲವು ತೀರ್ಮಾನಗಳು ನಿಲ್ಲದೆ ಹೋದರೂ ಸಹ.

ಉಪ್ಪನ್ನು ಇಲಿ ಗುರುತಿಸುವುದು ರುಚಿಯಿಂದಲೇ ಎಂದು ತೋರಿಸಲು ಅವರು ನಾಲಗೆಯ ರುಚಿನರಗಳನ್ನು ಕತ್ತರಿಸಿ ನೋಡಿದರು. ಆ ಇಲಿಗಳಿಗೆ ಉಪ್ಪುನೀರೂ ಬರೀ ನೀರೂ ಒಂದೇ ಆದವು. ಪ್ರಾಣ ಉಳಿಸುವ ಬಾಟಲಿ ಪಂಜರದಲ್ಲೇ ಇದ್ದರೂ ಅವು ಅದನ್ನು ಆರಿಸಿಕೊಳ್ಳಲಿಲ್ಲ.

ಈ ಕಥೆಯ ಅತ್ಯಂತ ನೋವಿನ ಪುಟದಲ್ಲಿರುವುದು ಇಲಿಯಲ್ಲ, ಒಂದು ಮಗು. ಮೂರೂವರೆ ವರ್ಷದ ಹುಡುಗನೊಬ್ಬ ವಯಸ್ಸಿಗೆ ಮೀರಿದ ದೈಹಿಕ ಬೆಳವಣಿಗೆಯ ಕಾರಣಕ್ಕೆ ಹಾಪ್ಕಿನ್ಸ್ ಆಸ್ಪತ್ರೆಗೆ ದಾಖಲಾದ. ವಾರ್ಡಿನಲ್ಲಿ ಎಲ್ಲ ಮಕ್ಕಳಿಗೂ ಕೊಡುವ ಊಟವನ್ನೇ ಅವನಿಗೂ ಕೊಟ್ಟರು. ಏಳು ದಿನಗಳಲ್ಲಿ ಅವನು ತೀರಿಕೊಂಡ. ಶವಪರೀಕ್ಷೆಯಲ್ಲಿ ಅಡ್ರಿನಲ್ ಗ್ರಂಥಿಗಳ ದೋಷ ಕಂಡಿತು. ಆಮೇಲೆ ತಂದೆತಾಯಿಯನ್ನು ವಿಚಾರಿಸಿದಾಗ ಗೊತ್ತಾದದ್ದು ಇದು: ಸುಮಾರು ಒಂದು ವರ್ಷದವನಿದ್ದಾಗಿನಿಂದಲೇ ಅವನು ಬಿಸ್ಕತ್ತಿನ ಮೇಲಿನ ಉಪ್ಪನ್ನು ನೆಕ್ಕುತ್ತಿದ್ದ, ಊಟದ ಮೇಜಿನ ಉಪ್ಪಿನ ಡಬ್ಬಿಗಾಗಿ ಹಟ ಹಿಡಿಯುತ್ತಿದ್ದ, ಬರೀ ಉಪ್ಪನ್ನೇ ತಿನ್ನುತ್ತಿದ್ದ. ಅವನು ಕಲಿತ ಮೊದಲ ಕೆಲವು ಮಾತುಗಳಲ್ಲಿ ಉಪ್ಪು ಎನ್ನುವುದೂ ಒಂದು. ಮನೆಯವರು ಅವನ ಹಟಕ್ಕೆ ಸೋತು ಕೊಟ್ಟ ಉಪ್ಪೇ ಅವನನ್ನು ಅಷ್ಟು ವರ್ಷ ಬದುಕಿಸಿತ್ತು. ಮಕ್ಕಳ ವೈದ್ಯ ಲಾಸನ್ ವಿಲ್ಕಿನ್ಸ್ ಮತ್ತು ರಿಕ್ಟರ್ 1940ರಲ್ಲಿ ಈ ಪ್ರಕರಣವನ್ನು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿ ಮಾಡಿದರು. ಇಲಿಯ ಪಂಜರದಲ್ಲಿ ಎರಡು ಬಾಟಲಿಗಳಿದ್ದವು. ಆಸ್ಪತ್ರೆಯ ತಟ್ಟೆಯಲ್ಲಿ ಆಯ್ಕೆಯೇ ಇರಲಿಲ್ಲ.

ಇಲ್ಲಿಗೆ ಕಥೆ ಮುಗಿಯುವಂತಿದ್ದರೆ ದೇಹದ ವಿವೇಕಕ್ಕೆ ಕೈಮುಗಿದು ಸುಮ್ಮನಾಗಬಹುದಿತ್ತು. ಆದರೆ ರಿಕ್ಟರ್ ಬರೆಯುವ ಮೊದಲೇ ಇಂಗ್ಲೆಂಡಿನಿಂದ ಬೇರೊಂದು ಸುದ್ದಿ ಬಂದಿತ್ತು. ಕೇಂಬ್ರಿಡ್ಜಿನ ಎಲ್. ಜೆ. ಹ್ಯಾರಿಸ್ ಮತ್ತು ಸಂಗಡಿಗರು 1933ರಲ್ಲಿ ಬಿ ವಿಟಮಿನ್ ಕೊರತೆಯ ಇಲಿಗಳ ಮುಂದೆ ಬೇರೆ ಬೇರೆ ಆಹಾರಗಳನ್ನಿಟ್ಟರು. ಅವುಗಳಲ್ಲಿ ಒಂದರಲ್ಲಿ ಮಾತ್ರ ವಿಟಮಿನ್ ಇತ್ತು. ಆಯ್ಕೆ ಕಡಿಮೆಯಿದ್ದಾಗ ಇಲಿಗಳು ಸರಿಯಾದುದನ್ನು ಹಿಡಿದವು. ತಟ್ಟೆಗಳು ಹೆಚ್ಚಾದಾಗ ತಬ್ಬಿಬ್ಬಾದವು. ಕೆಲವು ದಿನ ವಿಟಮಿನ್ ಇರುವ ಆಹಾರವನ್ನು ಮಾತ್ರ ಕೊಟ್ಟು, ಅದನ್ನು ತಿಂದರೆ ಮೈ ಹಗುರಾಗುತ್ತದೆ ಎಂದು ಅವಕ್ಕೆ ಪಾಠ ಮಾಡಿಸಿದ ಮೇಲೆ ಎಷ್ಟೇ ತಟ್ಟೆಗಳಿದ್ದರೂ ಅದನ್ನೇ ಆರಿಸಿಕೊಂಡವು. ಆಮೇಲೆ ಸಂಶೋಧಕರು ವಿಟಮಿನ್ನನ್ನು ಆ ಆಹಾರದಿಂದ ತೆಗೆದು ಬೇರೊಂದಕ್ಕೆ ಬೆರೆಸಿದರು. ಇಲಿಗಳು ಹಳೆಯ ರುಚಿಯನ್ನೇ ನಂಬಿ ಅಲ್ಲಿಗೇ ಹೋದವು. ಅಂದರೆ ಅವು ವಿಟಮಿನ್ನನ್ನು ಗುರುತಿಸುತ್ತಿರಲಿಲ್ಲ. ತಮಗೆ ಒಳ್ಳೆಯದು ಮಾಡಿದ ರುಚಿಯನ್ನು ನೆನಪಿಟ್ಟುಕೊಂಡಿದ್ದವು.

ಹಾಗಾದರೆ ಉಪ್ಪಿನ ವಿಷಯದಲ್ಲೂ ಇದೇ ಇರಬಹುದಲ್ಲವೇ? ಗ್ರಂಥಿ ಕಳೆದುಕೊಂಡ ಇಲಿ ಆಕಸ್ಮಿಕವಾಗಿ ಉಪ್ಪುನೀರು ಕುಡಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮೈಗೆ ಹಿತವೆನಿಸುತ್ತದೆ, ಆ ಹಿತಕ್ಕೂ ಆ ರುಚಿಗೂ ಗಂಟು ಬೀಳುತ್ತದೆ, ಮತ್ತೆ ಕುಡಿಯುತ್ತದೆ. ಇದು ಬರೀ ಕಲಿಕೆ. ರಿಕ್ಟರ್ ಒಪ್ಪಲಿಲ್ಲ. ಗ್ರಂಥಿ ಹೋದ ಮೇಲೆ ನಾಲಗೆಯೇ ಚುರುಕಾಗುತ್ತದೆ ಎನ್ನುವುದು ಅವರ ವಾದ. 1939ರಲ್ಲಿ ಅವರು ಅಂಕಿ ಕೊಟ್ಟರು. ಸಾಮಾನ್ಯ ಇಲಿ ನೀರಿನಲ್ಲಿ 0.055 ಶೇಕಡಾ ಉಪ್ಪಿದ್ದಾಗ ಮಾತ್ರ ಅದರ ಕಡೆ ಒಲವು ತೋರಿಸುತ್ತದೆ. ಗ್ರಂಥಿಯಿಲ್ಲದ ಇಲಿ 0.0037 ಶೇಕಡಾ ಇದ್ದರೂ ಸಾಕು, ಆ ಬಾಟಲಿಯನ್ನೇ ಹಿಡಿಯುತ್ತದೆ. ಸುಮಾರು ಹದಿನೈದು ಪಟ್ಟು ವ್ಯತ್ಯಾಸ.

ಈ ಅಂಕಿಗಳನ್ನು ಯಾರೂ ಅಲ್ಲಗಳೆಯಲಿಲ್ಲ. ಅರ್ಥವನ್ನು ಮಾತ್ರ ಪ್ರಶ್ನಿಸಿದರು. ಬ್ರೌನ್ ವಿಶ್ವವಿದ್ಯಾಲಯದ ಕಾರ್ಲ್ ಫಾಫ್‌ಮನ್ ರುಚಿನರದ ವಿದ್ಯುತ್ ಸಂಕೇತಗಳನ್ನು ನೇರವಾಗಿ ದಾಖಲಿಸುವ ಕಲೆಯಲ್ಲಿ ಪಳಗಿದವರು. 1950ರಲ್ಲಿ ಅವರೂ ಜಾನ್ ಬೇರ್ ಅವರೂ ಎರಡೂ ಬಗೆಯ ಇಲಿಗಳ ನಾಲಗೆಯ ಮೇಲೆ ಉಪ್ಪುನೀರು ಹರಿಸಿ ನರದ ಸದ್ದು ಕೇಳಿಸಿಕೊಂಡರು. ಸಾಮಾನ್ಯ ಇಲಿಯ ನರವೂ ಗ್ರಂಥಿಯಿಲ್ಲದ ಇಲಿಯ ನರದಷ್ಟೇ ತೆಳುವಾದ ಉಪ್ಪಿಗೆ ಮಿಡಿಯುತ್ತಿತ್ತು. ಕಾರ್ನೆಲ್‌ನಲ್ಲಿ ಹ್ಯಾರಿಮನ್ ಮತ್ತು ಮ್ಯಾಕ್‌ಲಾಯ್ಡ್ 1953ರಲ್ಲಿ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ತಪ್ಪು ಬಾಟಲಿಗೆ ಬಾಯಿಟ್ಟರೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಇಲಿಗಳನ್ನು ತರಬೇತು ಮಾಡಿದಾಗ, ಆರೋಗ್ಯವಂತ ಇಲಿಯೂ ಅತಿ ತೆಳುವಾದ ಉಪ್ಪನ್ನು ನೀರಿನಿಂದ ಬೇರ್ಪಡಿಸಿ ಗುರುತಿಸಿತು. ಅದಕ್ಕೆ ಆ ರುಚಿ ಮೊದಲಿನಿಂದಲೂ ತಿಳಿಯುತ್ತಿತ್ತು, ಅಗತ್ಯವಿಲ್ಲದ್ದರಿಂದ ಅದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗ್ರಂಥಿ ಹೋದಾಗ ಬದಲಾದದ್ದು ನಾಲಗೆಯಲ್ಲ, ಆ ರುಚಿಗೆ ಇಲಿ ಕೊಡುವ ಬೆಲೆ. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ತಿರುವು ಇದು. ಒಂದು ರುಚಿ ಗೊತ್ತಿರುವುದು ಬೇರೆ, ಅದು ಬೇಕೆನಿಸುವುದು ಬೇರೆ ಎಂಬ ಭೇದ ಇಲ್ಲಿ ಮೊದಲ ಬಾರಿ ಅಳತೆಗೆ ಸಿಕ್ಕಿತು. ಮುಂದಿನ ಅರವತ್ತು ವರ್ಷಗಳ ಪ್ರಯೋಗಗಳೆಲ್ಲ ಈ ಭೇದದ ಸುತ್ತಲೇ ತಿರುಗಿದವು.

ಅದೇ ಹ್ಯಾರಿಮನ್ 1955ರಲ್ಲಿ ನೇರವಾಗಿ ಕಲಿತ ರುಚಿಯನ್ನೇ ಪರೀಕ್ಷೆಗೆ ಒಡ್ಡಿದರು. ಶಸ್ತ್ರಚಿಕಿತ್ಸೆಗೆ ಮೊದಲು ಇಲಿಗಳಿಗೆ ಸಕ್ಕರೆನೀರು, ಉಪ್ಪುನೀರು ಎರಡನ್ನೂ ಕೊಟ್ಟು ಸಕ್ಕರೆಯ ರೂಢಿ ಬೇರೂರಲು ಬಿಟ್ಟರು. ಆಮೇಲೆ ಗ್ರಂಥಿ ತೆಗೆದು ಅದೇ ಆಯ್ಕೆ ಮುಂದಿಟ್ಟರು. ಪ್ರಾಣಕ್ಕೆ ಉಪ್ಪು ಬೇಕಾಗಿತ್ತು, ಬಾಯಿಗೆ ಸಕ್ಕರೆ ರೂಢಿಯಾಗಿತ್ತು. ಹಳೆಯ ರೂಢಿ ಉಪ್ಪಿನ ದಾರಿಗೆ ಅಡ್ಡ ನಿಂತಿತು. ಸಕ್ಕರೆಯ ಅಭ್ಯಾಸವಿಲ್ಲದ ಇಲಿಗಳು ಉಪ್ಪಿಗೆ ತಿರುಗಿದಷ್ಟು ಸಲೀಸಾಗಿ ಇವು ತಿರುಗಲಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯದ ಪಾಲ್ ಥಾಮಸ್ ಯಂಗ್ ಇಂಥದೇ ಒಂದು ವಿಚಿತ್ರವನ್ನು ಹತ್ತು ವರ್ಷ ಮೊದಲೇ ಕಂಡಿದ್ದರು. ಅವರ ಇಲಿಗಳು ಹಾಲಿನ ಪ್ರೋಟೀನಾದ ಕೇಸೀನ್‌ಗಿಂತ ಸಕ್ಕರೆಯನ್ನು ಇಷ್ಟಪಡುತ್ತಿದ್ದವು. ಆಮೇಲೆ ಅವುಗಳ ಆಹಾರದಿಂದ ಪ್ರೋಟೀನನ್ನು ತೆಗೆದುಹಾಕಿದರು. ಮೈಗೆ ಪ್ರೋಟೀನ್ ಬೇಕಾಗಿದ್ದರೂ ಅದೇ ಹಳೆಯ ಪೆಟ್ಟಿಗೆಯಲ್ಲಿ ಇಲಿಗಳು ಸಕ್ಕರೆಯ ಕಡೆಗೇ ಓಡಿದವು. ಅವೇ ಇಲಿಗಳನ್ನು ಬೇರೆ ವಿನ್ಯಾಸದ ಹೊಸ ಜಾಗದಲ್ಲಿ ಬಿಟ್ಟಾಗ ಕೇಸೀನನ್ನು ಆರಿಸಿಕೊಂಡವು. ಅಗತ್ಯ ಒಳಗೆ ಇದ್ದೇ ಇತ್ತು. ಹಳೆಯ ಜಾಗ ಹಳೆಯ ನಡಿಗೆಯನ್ನು ಎಬ್ಬಿಸುತ್ತಿತ್ತು, ಆ ನಡಿಗೆ ಅಗತ್ಯವನ್ನು ಮುಚ್ಚಿಹಾಕುತ್ತಿತ್ತು. ಯಂಗ್ ಇದರಿಂದ ರಿಕ್ಟರ್ ಸೋತರೆಂದು ತೀರ್ಮಾನಿಸಲಿಲ್ಲ. ದೇಹದ ಬೇಡಿಕೆ, ರುಚಿಯ ಹಿತ, ರೂಢಿಯ ಹಿಡಿತ ಇವು ಮೂರೂ ಒಂದೇ ತುತ್ತಿನ ಮೇಲೆ ಕೈ ಹಾಕುತ್ತವೆ ಎಂದು ತೋರಿಸಿದರು. ಸಂಶೋಧಕರ ಎರಡು ಬಣಗಳ ಜಗಳದಲ್ಲಿ ಈ ಮಾತಿಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲವೆಂದೇ ನನ್ನ ಅನಿಸಿಕೆ.

ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಉಪ್ಪಿನ ಹಸಿವು ಕಲಿತದ್ದೇ, ಹುಟ್ಟಿನಿಂದ ಬಂದದ್ದೇ? ಇದನ್ನು ಬಿಡಿಸಲು ಸಮಯವೇ ಸಾಕ್ಷಿಯಾಗಬೇಕಿತ್ತು. ಕುಡಿದ ಉಪ್ಪು ಹೊಟ್ಟೆ ಸೇರಿ, ರಕ್ತಕ್ಕಿಳಿದು, ಮೈಗೆ ಹಿತ ಕೊಡಲು ನಿಮಿಷಗಳು ಬೇಕು. ಅದಕ್ಕೂ ಮೊದಲೇ ಇಲಿ ಉಪ್ಪನ್ನು ಆರಿಸಿಕೊಂಡರೆ ಅಲ್ಲಿ ಕಲಿಯಲು ಎಡೆಯೇ ಇಲ್ಲ. 1955ರಲ್ಲಿ ಅಲನ್ ಎಪ್‌ಸ್ಟೀನ್ ಮತ್ತು ಎಲಿಯಟ್ ಸ್ಟೆಲ್ಲರ್ ಈ ದಿಕ್ಕಿನಲ್ಲಿ ಮೊದಲ ಸಾಕ್ಷ್ಯ ಕೊಟ್ಟರು. ಕ್ಯಾಲಿಫೋರ್ನಿಯಾದ ಮಾರ್ವಿನ್ ನಾಕ್‌ಮನ್ 1962ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ಹಿಂದೆಂದೂ ಸೋಡಿಯಂ ಕೊರತೆಯನ್ನು ಅನುಭವಿಸದಿದ್ದ ಇಲಿಗಳು ಗ್ರಂಥಿ ಕಳೆದುಕೊಂಡ ಮೇಲೆ ಮೊದಲ ಸಲ ಉಪ್ಪಿಗೆ ನಾಲಗೆ ತಾಗಿಸಿದ ಕೆಲವೇ ಸೆಕೆಂಡುಗಳಲ್ಲಿ ಅದನ್ನು ಹಿಡಿದು ಕುಡಿಯತೊಡಗಿದವು.

ನಾಕ್‌ಮನ್ ಬಳಸಿದ ಇನ್ನೊಂದು ಉಪಾಯ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಲಿಥಿಯಂ ಕ್ಲೋರೈಡ್ ಎಂಬ ಲವಣದ ರುಚಿ ಅಡುಗೆ ಉಪ್ಪಿನದೇ. ಮನುಷ್ಯರಿಗೂ ಹಾಗೆಯೇ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರಕ್ತದೊತ್ತಡ ಮತ್ತು ಹೃದ್ರೋಗವಿದ್ದವರಿಗೆ ಇದನ್ನು ಉಪ್ಪಿನ ಬದಲಿಯಾಗಿ ಮಾರಿದ್ದರು. ವಿಷವೇರಿ ಕೆಲವರು ಸತ್ತ ಮೇಲೆ 1949ರಲ್ಲಿ ಮಾರುಕಟ್ಟೆಯಿಂದ ತೆಗೆಸಬೇಕಾಯಿತು. ಸೋಡಿಯಂ ಬೇಕಾದ ಇಲಿಗೂ ಇದೇ ಮೋಸವಾಯಿತು. ಲಿಥಿಯಂ ಅದರ ಕೊರತೆಯನ್ನು ನೀಗುವುದಿಲ್ಲ, ಬದಲಾಗಿ ಕಾಯಿಲೆ ಬೀಳಿಸುತ್ತದೆ. ಆದರೂ ಮೊದಲ ಭೇಟಿಯಲ್ಲಿ ಇಲಿ ಅದನ್ನು ಉಪ್ಪಿನಷ್ಟೇ ಆಸೆಯಿಂದ ಕುಡಿಯಿತು. ಹುಟ್ಟಿನಿಂದ ಬಂದದ್ದು ಸೋಡಿಯಂನ ಜ್ಞಾನವಲ್ಲ, ಒಂದು ರುಚಿಯ ಜ್ಞಾನ. ಪ್ರಕೃತಿಯಲ್ಲಿ ಆ ರುಚಿ ಬಹುಪಾಲು ಸೋಡಿಯಂನೊಂದಿಗೇ ಬರುವುದರಿಂದ ಅಷ್ಟು ಸಾಕಾಗಿತ್ತು.

ಕಾಯಿಲೆ ಬಿದ್ದ ಇಲಿ ಆಮೇಲೆ ಲಿಥಿಯಂ ಮುಟ್ಟಲಿಲ್ಲ. ಅದರ ಜೊತೆಗೆ ಅದೇ ರುಚಿಯ ಅಡುಗೆ ಉಪ್ಪನ್ನೂ ತೊರೆಯಿತು. ನಾಕ್‌ಮನ್ 1963ರಲ್ಲಿ ಇದನ್ನು ಪ್ರಕಟಿಸಿದಾಗ, ಕಲಿತ ಅಸಹ್ಯವೂ ಹುಟ್ಟಿನ ಹಸಿವೂ ಒಂದೇ ರುಚಿಯ ಮೇಲೆ ಎದುರುಬದುರಾಗಿ ನಿಂತವು.

ರುಚಿಯ ಅಸಹ್ಯದ ಅಧ್ಯಯನ ಆಗಷ್ಟೇ ಬೆಳೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ನೌಕಾಪಡೆಯ ವಿಕಿರಣ ಪ್ರಯೋಗಾಲಯದಲ್ಲಿ ಜಾನ್ ಗಾರ್ಸಿಯಾ 1955ರಲ್ಲಿ ಸ್ಯಾಕರಿನ್ ನೀರು ಕುಡಿಯುತ್ತಿದ್ದ ಇಲಿಗಳ ಮೇಲೆ ವಿಕಿರಣ ಹಾಯಿಸಿದ್ದರು. ಹೊಟ್ಟೆ ಕೆಟ್ಟದ್ದು ವಿಕಿರಣದಿಂದ, ಇಲಿಗಳು ದೂರ ಮಾಡಿದ್ದು ಸ್ಯಾಕರಿನ್ನನ್ನು. ಇಲಿ ಹಿಡಿಯುವವರಿಗೆ ಇದು ಬಹಳ ಹಿಂದಿನಿಂದ ಗೊತ್ತಿದ್ದ ಗುಣ. ಒಮ್ಮೆ ವಿಷ ತಿಂದು ಬದುಕುಳಿದ ಇಲಿ ಮತ್ತೆ ಆ ತಿನಿಸಿನ ಹತ್ತಿರ ಸುಳಿಯುವುದಿಲ್ಲ. ನಮ್ಮ ಗದ್ದೆಗಳಲ್ಲಿ ಜಿಂಕ್ ಫಾಸ್ಫೈಡ್ ಇಡುವ ಮುನ್ನ ಕೆಲ ದಿನ ವಿಷವಿಲ್ಲದ ತಿನಿಸನ್ನೇ ಇಟ್ಟು ಇಲಿಗಳ ಅಂಜಿಕೆ ಬಿಡಿಸಬೇಕೆಂದು ಕೃಷಿ ತಜ್ಞರು ಹೇಳುವುದೂ ಇದಕ್ಕಾಗಿಯೇ. ಆದರೆ ಪ್ರಯೋಗಾಲಯದ ಮನೋವಿಜ್ಞಾನಿಗಳಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ರುಚಿಗೂ ಕಾಯಿಲೆಗೂ ನಡುವೆ ಗಂಟೆಗಳ ಅಂತರವಿದ್ದರೂ ಒಂದೇ ಸಲಕ್ಕೆ ಪಾಠ ಮನಸ್ಸಿಗೆ ಇಳಿಯುವುದು ಅವರು ಅದುವರೆಗೆ ನಂಬಿದ್ದ ಕಲಿಕೆಯ ನಿಯಮಗಳಿಗೆ ಹೊಂದುತ್ತಿರಲಿಲ್ಲ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಈ ಹೊಸ ಬೆಳಕನ್ನು ಹ್ಯಾರಿಸ್ ಬಿಟ್ಟುಹೋದ ಒಗಟಿನ ಮೇಲೆ ಬೀರಿದರು. ಥಯಮಿನ್ ಎಂಬ ಬಿ ವಿಟಮಿನ್ನಿನ ಕೊರತೆಯ ಇಲಿ ಹೊಸ ಆಹಾರಕ್ಕೆ ಏಕೆ ಮುಗಿಬೀಳುತ್ತದೆ? ಹೊಸದರಲ್ಲಿ ವಿಟಮಿನ್ ಇದೆಯೆಂದು ಅದಕ್ಕೆ ಗೊತ್ತಿಲ್ಲ. ತನ್ನನ್ನು ಕಾಯಿಲೆ ಬೀಳಿಸಿದ ಹಳೆಯ ಆಹಾರದ ಮೇಲೆ ಅದಕ್ಕೆ ಅಸಹ್ಯ ಹುಟ್ಟಿದೆ. ರೋಜಿನ್ ಅವರ ಇಲಿಗಳು ಹಳೆಯ ಆಹಾರವನ್ನು ಕಹಿ ಬೆರೆಸಿದ ಆಹಾರದಂತೆ ಕಂಡವು. ಬಟ್ಟಲಿನಿಂದ ಕೆದರಿ ಚೆಲ್ಲಿದವು, ಹಸಿದಿದ್ದರೂ ಮುಖ ತಿರುಗಿಸಿದವು. ವಿಟಮಿನ್ನಿನ ಹಸಿವು ಎಂದು ಕರೆಯುತ್ತಿದ್ದದ್ದು ಹೆಚ್ಚಾಗಿ ಹಳೆಯದರ ಮೇಲಿನ ಜಿಗುಪ್ಸೆಯೇ ಆಗಿತ್ತು. ಅದೇ ಕಾಲಕ್ಕೆ ರಾಜರ್ಸ್ ಥಯಮಿನ್ ಕೊರತೆಯ ಇಲಿಗಳನ್ನೂ ಸೋಡಿಯಂ ಕೊರತೆಯ ಇಲಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮೊದಲನೆಯವು ಹೊಸತನವನ್ನು ಹಿಂಬಾಲಿಸಿದವು. ಎರಡನೆಯವು ಹೊಸದೋ ಹಳೆಯದೋ ಎಂದು ನೋಡದೆ ಉಪ್ಪನ್ನೇ ಹಿಂಬಾಲಿಸಿದವು. ಹೀಗೆ 1967ರ ಹೊತ್ತಿಗೆ ರಿಕ್ಟರ್ ಹೇಳಿದ ದೇಹದ ವಿವೇಕದ ಬಹುಪಾಲು ಕಲಿಕೆಯ ಪಾಲಾಯಿತು. ಉಪ್ಪು ಮಾತ್ರ, ನೀರಿನ ದಾಹದ ಜೊತೆಗೆ, ಹುಟ್ಟಿನ ಪಾಲಿನಲ್ಲಿ ಉಳಿಯಿತು.

ಉಪ್ಪಿನಲ್ಲಿ ಕಲಿಕೆಯ ಕೆಲಸವೇನೂ ಇಲ್ಲವೆಂದು ಇದರ ಅರ್ಥವಲ್ಲ. ಹಸಿವು ಹುಟ್ಟಿನಿಂದ ಬಂದಿರಬಹುದು. ಉಪ್ಪು ಎಲ್ಲಿದೆ ಎಂಬ ನೆನಪು ಬದುಕಿನಿಂದಲೇ ಬರಬೇಕು. ಕಾಡಿನ ಪ್ರಾಣಿಗೆ ಉಪ್ಪಿನ ಕೊರತೆ ಬರುವುದು ಒಂದು ದಿನ, ಉಪ್ಪಿನ ಮಣ್ಣು ಕಂಡಿರುವುದು ಇನ್ನೊಂದು ದಿನ, ಅದೂ ಅದಕ್ಕೆ ಉಪ್ಪು ಬೇಡವಾಗಿದ್ದಾಗ. ಬೇಡದಿದ್ದಾಗ ಕಂಡದ್ದನ್ನು ಬೇಕಾದಾಗ ನೆನೆಸಿಕೊಳ್ಳಲು ಆಗುತ್ತದೆಯೇ? ಇದನ್ನು 1968ರಲ್ಲಿ ಕ್ರೀಕ್‌ಹಾಸ್ ಮತ್ತು ಜಾರ್ಜ್ ವುಲ್ಫ್ ಪರೀಕ್ಷಿಸಿದರು. ಬಾಯಾರಿದ ಇಲಿಗಳಿಗೆ ಸನ್ನೆ (ಲಿವರ್) ಒತ್ತಿ ಕುಡಿಯುವುದನ್ನು ಕಲಿಸಿದರು. ಕೆಲವಕ್ಕೆ ಸನ್ನೆಯಿಂದ ಸಿಕ್ಕಿದ್ದು ಸೋಡಿಯಂ ಇದ್ದ ನೀರು, ಕೆಲವಕ್ಕೆ ಅದಿಲ್ಲದ್ದು. ಆಗ ಯಾವ ಇಲಿಗೂ ಉಪ್ಪಿನ ಕೊರತೆ ಇರಲಿಲ್ಲ, ನೀರಿಗಾಗಿ ಮಾತ್ರ ಒತ್ತುತ್ತಿದ್ದವು. ಆಮೇಲೆ ಬಾಯಾರಿಕೆ ತೀರಿಸಿ, ಸೋಡಿಯಂ ಕೊರತೆ ಉಂಟುಮಾಡಿ, ಅದೇ ಪೆಟ್ಟಿಗೆಗೆ ಬಿಟ್ಟರು. ಈ ಸಲ ಸನ್ನೆ ಒತ್ತಿದರೆ ಏನೂ ಸಿಗುತ್ತಿರಲಿಲ್ಲ. ಆದರೂ ಹಿಂದೆ ಅಲ್ಲಿ ಸೋಡಿಯಂ ಕುಡಿದಿದ್ದ ಇಲಿಗಳು ಉಳಿದವುಗಳಿಗಿಂತ ಎಷ್ಟೋ ಹೆಚ್ಚು ಸಲ ಒತ್ತಿದವು. ಅಗತ್ಯವಿಲ್ಲದ ದಿನಗಳಲ್ಲಿ ಸುಮ್ಮನೆ ಮನಸ್ಸಿನಲ್ಲಿ ಕೂತ ನೆನಪು ಅಗತ್ಯ ಬಂದ ಕೂಡಲೇ ಕೆಲಸಕ್ಕೆ ಬಂತು.

ಯೇಲ್‌ನಲ್ಲಿ ಫ್ಯೂಡಿಮ್ 1978ರಲ್ಲಿ ಇದನ್ನೇ ಪರಿಮಳಕ್ಕೆ ಅನ್ವಯಿಸಿದರು. ಒಂದು ಪರಿಮಳವನ್ನು ಉಪ್ಪುನೀರಿಗೆ ಬೆರೆಸಿ ಕುಡಿಸಿದರು, ಇನ್ನೊಂದನ್ನು ಉಪ್ಪಿಲ್ಲದೆ. ಆಮೇಲೆ ಸೋಡಿಯಂ ಕೊರತೆ ತಂದು, ಉಪ್ಪೇ ಇಲ್ಲದ ಬರೀ ನೀರಿನಲ್ಲಿ ಎರಡೂ ಪರಿಮಳಗಳನ್ನು ಮುಂದಿಟ್ಟರು. ಇಲಿಗಳು ಒಂದು ಕಾಲದಲ್ಲಿ ಉಪ್ಪಿನ ಜೊತೆಗಿದ್ದ ಪರಿಮಳವನ್ನು ಆರಿಸಿಕೊಂಡವು. ಹಾಗೆ ಆರಿಸಿದ್ದು ಬೇಕೆಂಬ ಲೆಕ್ಕಾಚಾರದಿಂದಲೇ, ಅಥವಾ ಆ ರುಚಿಯೇ ಅವಕ್ಕೆ ಸವಿಯಾಗಿತ್ತೇ? ಇಲಿಯ ಮುಖ ಇದಕ್ಕೆ ಉತ್ತರ ಕೊಟ್ಟಿತು. ಸವಿಯಾದದ್ದು ಬಾಯಿಗೆ ಬಿದ್ದರೆ ಇಲಿ ನಾಲಗೆ ಚಾಚಿ ತುಟಿ ಸವರಿಕೊಳ್ಳುತ್ತದೆ, ಕಹಿ ಬಿದ್ದರೆ ಬಾಯಿ ಅಗಲಿಸಿ ಉಗುಳುವಂತೆ ಮಾಡುತ್ತದೆ. ಕೆಂಟ್ ಬೆರಿಜ್ ಮತ್ತು ಜೇ ಶುಲ್ಕಿನ್ 1989ರಲ್ಲಿ ಉಪ್ಪಿನೊಂದಿಗೆ ಹುಳಿಯನ್ನೋ ಕಹಿಯನ್ನೋ ಕೂಡಿಸಿ ಕೊಟ್ಟು, ಕೊರತೆ ಬಂದ ಮೇಲೆ ಆ ಹುಳಿಯನ್ನೇ, ಆ ಕಹಿಯನ್ನೇ ಉಪ್ಪಿಲ್ಲದೆ ಬಾಯಿಗೆ ಬಿಟ್ಟರು. ಉಪ್ಪನ್ನು ನೆನಪಿಸುವ ಆ ರುಚಿಗೆ ಇಲಿಗಳು ತುಟಿ ಸವರಿಕೊಂಡವು.

ಕಲಿಕೆಯಲ್ಲದ ಇನ್ನೊಂದು ಬಗೆಯ ನೆನಪೂ ಇದೇ ವರ್ಷಗಳಲ್ಲಿ ಕಂಡುಬಂತು. ಎಪ್‌ಸ್ಟೀನ್ ಅವರ ಗುಂಪು 1987ರಲ್ಲಿ ತೋರಿಸಿದಂತೆ, ಒಮ್ಮೆ ಸೋಡಿಯಂ ಕೊರತೆಯನ್ನು ಹಾದುಬಂದ ಇಲಿ ಮುಂದಿನ ಸಲ ಕೊರತೆಯಾದಾಗ ಮೊದಲಿಗಿಂತ ಬೇಗ, ಮೊದಲಿಗಿಂತ ಹೆಚ್ಚು ಉಪ್ಪು ಕುಡಿಯುತ್ತದೆ. ಬದುಕಿನ ಒಂದು ಕಷ್ಟ ಹಸಿವನ್ನೇ ತಿದ್ದಿಬಿಡುತ್ತದೆ.

ಮನುಷ್ಯರಲ್ಲಿ ಹಾಪ್ಕಿನ್ಸ್‌ನ ಆ ಹುಡುಗನಂಥವರು ವಿರಳ. ನಾವು ತಿನ್ನುವ ಉಪ್ಪಿನ ಬಹುಪಾಲು ಹಸಿವಿನದಲ್ಲ, ರೂಢಿಯದು. ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ಬರ್ಟಿನೋ ಮತ್ತು ಬೋಷಾಂಪ್, ಎಂಗಲ್ಮನ್ ಜೊತೆಗೂಡಿ 1982ರಲ್ಲಿ ಕೆಲವು ತರುಣರನ್ನು ತಿಂಗಳುಗಟ್ಟಲೆ ಕಡಿಮೆ ಸೋಡಿಯಂ ಆಹಾರದಲ್ಲಿಟ್ಟರು. ಸೋಡಿಯಂ ಕಡಿಮೆಯಾದರೆ ಹಸಿವು ಕೆರಳಬೇಕಲ್ಲವೇ? ಆದದ್ದು ತಿರುವುಮುರುವು. ದಿನ ಕಳೆದಂತೆ ಅವರಿಗೆ ಹಿತವೆನಿಸುವ ಉಪ್ಪಿನ ಮಟ್ಟವೇ ಇಳಿಯಿತು. ಅಡುಗೆಯಲ್ಲಿ ಉಪ್ಪು ತಗ್ಗಿಸಿದ ಮನೆಯಲ್ಲಿ ಮೊದಲು ಸಪ್ಪೆಯೆನಿಸಿದ ಸಾರು ಕೆಲ ವಾರಗಳಲ್ಲಿ ಸರಿಯೆನಿಸುವುದು ಇದೇ ಕಾರಣಕ್ಕೆ. ರಕ್ತದೊತ್ತಡವಿದ್ದವರಿಗೆ ಈ ಸಂಗತಿಯನ್ನು ಯಾರಾದರೂ ಮೊದಲೇ ಹೇಳಿದ್ದರೆ ಉಪ್ಪು ಬಿಡುವ ಮೊದಲ ದಿನಗಳು ಅಷ್ಟು ಭಾರವಾಗುತ್ತಿರಲಿಲ್ಲ.

ಇಲಿಗಳ ಕಡೆಗೆ ಮರಳಿದರೆ, ಹಸಿವು ಮತ್ತು ಕಲಿಕೆಯ ಈ ದೀರ್ಘ ಮುಖಾಮುಖಿಯ ಅತ್ಯಂತ ಕಠಿಣ ಪರೀಕ್ಷೆಯನ್ನು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೈಕ್ ರಾಬಿನ್ಸನ್ ಮತ್ತು ಬೆರಿಜ್ 2013ರಲ್ಲಿ ಪ್ರಕಟಿಸಿದರು. ಗೋಡೆಯ ಒಂದು ಬದಿಯಿಂದ ಲೋಹದ ಸನ್ನೆಯೊಂದು ಹೊರಬಂದಾಗಲೆಲ್ಲ ಇಲಿಯ ಬಾಯಿಗೆ ಸಣ್ಣ ಕೊಳವೆಯಿಂದ ಸಮುದ್ರದ ನೀರಿನ ಸುಮಾರು ಮೂರು ಪಟ್ಟು ಗಾಢವಾದ ಉಪ್ಪುನೀರನ್ನು ಬಿಡುತ್ತಿದ್ದರು. ಇನ್ನೊಂದು ಬದಿಯ ಸನ್ನೆಗೆ ಸಕ್ಕರೆನೀರು. ಉಪ್ಪಿನ ಸನ್ನೆ ಕಂಡರೆ ಸಾಕು, ಇಲಿಗಳು ಓಡಿ ಎದುರು ಗೋಡೆಗೆ ಒತ್ತಿಕೊಂಡು ನಿಲ್ಲುವಷ್ಟು ಅದನ್ನು ದ್ವೇಷಿಸಲು ಕಲಿತವು. ಆಮೇಲೆ ಔಷಧಿಗಳಿಂದ ಅವುಗಳ ದೇಹದ ಸೋಡಿಯಂ ಇಳಿಸಿದರು. ಆ ಇಲಿಗಳಿಗೆ ಬದುಕಿನಲ್ಲಿ ಅದುವರೆಗೆ ಸೋಡಿಯಂ ಕೊರತೆಯ ಅನುಭವವೇ ಇರಲಿಲ್ಲ, ಉಪ್ಪು ಹಿತವಾಗಿ ರುಚಿಸಿದ ನೆನಪೂ ಇರಲಿಲ್ಲ. ಮತ್ತೆ ಅದೇ ಸನ್ನೆ ಹೊರಬಂತು, ಈ ಸಲ ಉಪ್ಪುನೀರಿಲ್ಲದೆ. ಇಲಿಗಳು ನೇರವಾಗಿ ಅದರ ಬಳಿಗೆ ಓಡಿದವು, ಮೂಸಿದವು, ಹಲ್ಲಿನಿಂದ ಮೆಲ್ಲಗೆ ಕಚ್ಚಿದವು. ಹೊಸದಾಗಿ ಉಪ್ಪಿನ ಒಂದು ಹನಿಯನ್ನೂ ಸವಿಯುವ ಮೊದಲೇ, ಕಲಿತ ಅಸಹ್ಯ ಆಸೆಯಾಗಿ ತಿರುಗಿತ್ತು.

ಕಲಿತದ್ದು ಅಳಿದುಹೋಗಿದ್ದರೆ ಇಲಿ ಆ ಸನ್ನೆಯನ್ನು ಗುರುತಿಸುತ್ತಲೇ ಇರಲಿಲ್ಲ. ಈ ಸನ್ನೆ ಎಂದರೆ ಉಪ್ಪು ಎಂಬ ನೆನಪು ಗಟ್ಟಿಯಾಗಿಯೇ ಇತ್ತು, ಅದರ ಬೆಲೆಯನ್ನು ಮಾತ್ರ ಹಸಿವು ಆ ಕ್ಷಣದಲ್ಲಿ ಹೊಸದಾಗಿ ಕಟ್ಟಿತು. ಫಾಫ್‌ಮನ್ 1950ರಲ್ಲಿ ನರದ ಸದ್ದಿನಲ್ಲಿ ಕೇಳಿಸಿಕೊಂಡ ಭೇದವೇ ಇಲ್ಲಿ ನಡವಳಿಕೆಯಾಗಿ ಎದ್ದು ಕಂಡಿತು. ಹ್ಯಾರಿಮನ್‌ನ ಇಲಿಗಳನ್ನು ತಡೆದ ರೂಢಿ ಇಲ್ಲಿ ಏಕೆ ತಡೆಯಲಿಲ್ಲ ಎಂದು ಯಾರಾದರೂ ಕೇಳಬಹುದು. ನನಗೆ ತೋರುವ ಮಟ್ಟಿಗೆ, ಅಲ್ಲಿ ಉಪ್ಪಿನ ಎದುರು ಸಕ್ಕರೆ ಎಂಬ ಸವಿ ಪ್ರತಿದಿನ ಸ್ಪರ್ಧೆಗೆ ನಿಂತಿತ್ತು, ಮತ್ತೆ ಮತ್ತೆ ಗೆದ್ದು ಬಲಿತಿತ್ತು. ಇಲ್ಲಿ ಎದುರಿಗಿದ್ದದ್ದು ಉಪ್ಪಿನ ಕಹಿ ನೆನಪು ಒಂದೇ. ಬೇರೊಂದರ ಆಸೆಯನ್ನು ಮೀರುವುದಕ್ಕಿಂತ, ಉಪ್ಪಿನ ಮೇಲಿನ ಬೇಸರವನ್ನು ತಿರುಗಿಸುವುದು ಹಸಿವಿಗೆ ಸುಲಭವಾಗಿದ್ದೀತು. ಮಿಶಿಗನ್ನಿನ ಆ ಸನ್ನೆ ಹೊರಬಂದ ಹೊತ್ತಿನಲ್ಲಿ ಇಲಿಯ ಮಿದುಳಿನಲ್ಲಿ ಚುರುಕಾಗಿದ್ದ ಜಾಗಗಳನ್ನೂ ಸಂಶೋಧಕರು ಹುಡುಕಿದರು. ಆಸೆಯ ಜಾಲವೆಂದು ಈಗ ಗುರುತಿಸುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಮತ್ತು ವೆಂಟ್ರಲ್ ಪ್ಯಾಲಿಡಂ ಅವುಗಳಲ್ಲಿ ಸೇರಿದ್ದವು.